ಮೂರ್ತಿಗೊಂದು ಗುರುತು

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನಲ್ಲಿ ವಾಮದಪದವು ಎಂಬ ಸಣ್ಣ ಪೇಟೆಯಿದೆ. ಪದವು ಎಂದರೆ ತುಳುವಿನಲ್ಲಿ ಎತ್ತರದ ಬಯಲು. ಮುರಕಲ್ಲಿನ ಇಂತಹ ಬಯಲುಗಳ ಅಂಚಿನಿಂದ ಕೆಳಗಿಳಿದರೆ ಅಡಕೆಯ ತೋಟ, ಗದ್ದೆ, ಹರಿಯುವ ತೋಡು. ಅವುಗಳ ನಡುವೆ ಊರಿಗೊಂದು ದೇವಸ್ಥಾನ, ಒಂದೆರಡು ದೈವಸ್ಥಾನ, ಮರಗಳ ದಟ್ಟ ನೆರಳಿನಲ್ಲಿ ನಾಗಬನ. ಇದೇ ತಾಲೂಕಿನ ಕಾರಿಂಜದಲ್ಲಿ ಬೆಟ್ಟದ ತುದಿಯಲ್ಲಿ ಈಶ್ವರನೂ, ಅದಕ್ಕಿಂತ ಕೆಳಗೆ ಪಾರ್ವತಿಯೂ ನೆಲೆಸಿದ್ದಾರೆ. ಬೆಳ್ತಂಗಡಿ ತಾಲೂಕಿನ ಕಡೆಗೆ ಹೊರಟವರಿಗೆ ವೇಣೂರಿನ ಗೊಮ್ಮಟನ ದರ್ಶನವಾಗುತ್ತದೆ. ಮೂಡುಬಿದಿರೆಯ ಕಡೆಗೆ ಹೊರಟವರಿಗೆ ಹದಿನೆಂಟು ಬಸದಿಗಳು ಎದುರಾಗುತ್ತವೆ. ಹೀಗೆ ಒಂದು ದಿನದ ಪ್ರಯಾಣದೊಳಗೆ ಶಿಲೆ, ಪಂಚಲೋಹ, ಮರ, ರತ್ನ ಎಲ್ಲವೂ ದೇವರ ರೂಪವನ್ನು ತಳೆದು ನಿಂತಿರುವ ಸೀಮೆ ಇದು.

ಈ ಸೀಮೆಯ ಎರಡು ಮೂರ್ತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಆಲೋಚಿಸಬೇಕು. ವೇಣೂರಿನ ಗೊಮ್ಮಟನನ್ನು 1604ರಲ್ಲಿ ತಿಮ್ಮಣ್ಣ ಅಜಿಲನು ಪ್ರತಿಷ್ಠಾಪಿಸಿದನು. ಸುಮಾರು ಮೂವತ್ತೈದು ಅಡಿ ಎತ್ತರದ ಆ ಶಿಲಾಮೂರ್ತಿಯ ಮೇಲೆ ಸೂರಿಲ್ಲ. ನಾಲ್ಕು ಶತಮಾನಗಳ ಮಳೆಗಾಲವನ್ನು ಅದು ನಿಂತಲ್ಲಿಯೇ ನಿಂತು ಸಹಿಸಿದೆ. ಅದನ್ನು ಹೊತ್ತೊಯ್ಯಬಲ್ಲ ಕಳ್ಳನು ಇನ್ನೂ ಹುಟ್ಟಿಲ್ಲ. ಮೂಡುಬಿದಿರೆಯ ಗುರುಬಸದಿಯ ಮೂರ್ತಿಗಳ ಮಾತು ಬೇರೆ. ಸಿದ್ಧಾಂತ ಬಸದಿಯೆಂದೂ ಹೆಸರುಳ್ಳ ಆ ಬಸದಿಯಲ್ಲಿ ಚಿನ್ನದ ಹಾಗೂ ಬಗೆಬಗೆಯ ರತ್ನಗಳ ಪುಟ್ಟ ಜಿನಬಿಂಬಗಳಿವೆ. ಅವುಗಳನ್ನು ಯಾತ್ರಿಕರಿಗೆ ತೋರಿಸುವ ಸಂಪ್ರದಾಯಕ್ಕೆ ಸಿದ್ಧಾಂತ ದರ್ಶನವೆಂದು ಹೆಸರು. ವೇಣೂರಿನಲ್ಲಿ ಭಕ್ತನು ತಲೆಯೆತ್ತಿ ನೋಡಬೇಕು. ಇಲ್ಲಿ ತಲೆಬಾಗಿ, ಕಣ್ಣು ಕಿರಿದುಮಾಡಿ ನೋಡಬೇಕು. ಎರಡೂ ಒಂದೇ ಧರ್ಮದ ಕಲೆಗಳು. ಎರಡರಲ್ಲಿಯೂ ಶಾಂತಿ ಒಂದೇ. ಆದರೆ ಒಂದನ್ನು ಅದರ ಗಾತ್ರವೇ ಕಾಯುತ್ತದೆ, ಇನ್ನೊಂದನ್ನು ಮನುಷ್ಯರು ಕಾಯಬೇಕು.

2013ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಆ ಕಾವಲು ತಪ್ಪಿತು. ಮಳೆಗಾಲದ ಒಂದು ರಾತ್ರಿ ಗುರುಬಸದಿಗೆ ಕನ್ನ ಬಿದ್ದು, ಸಿದ್ಧಾಂತ ದರ್ಶನದ ಅಮೂಲ್ಯ ಬಿಂಬಗಳು ಕಳವಾದವು. ಸುದ್ದಿ ತಿಳಿದ ಜೈನರು ಮಾತ್ರವಲ್ಲ, ಇಡೀ ಕರಾವಳಿಯೇ ಮನೆಯ ಒಡವೆಯನ್ನು ಕಳೆದುಕೊಂಡಂತೆ ಕಳವಳಗೊಂಡಿತು. ಪೊಲೀಸರು ಹೊರರಾಜ್ಯಗಳವರೆಗೆ ಜಾಡು ಹಿಡಿದು ಹೋಗಿ ಆರೋಪಿಯನ್ನು ಬಂಧಿಸಿದರು. ಕಳವಾದ ಬಿಂಬಗಳಲ್ಲಿ ಹಲವು ಮರಳಿ ದೊರೆತವು. ಈ ಪ್ರಕರಣವನ್ನು ಸ್ಮರಿಸುವಾಗ ಬಹಳ ಮಂದಿ ಬೀಗದ ಬಗ್ಗೆ, ಕಾವಲಿನ ಬಗ್ಗೆ ಮಾತನಾಡುತ್ತಾರೆ. ಅದು ಅಗತ್ಯವೇ. ಆದರೆ ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಆ ಬಿಂಬಗಳು ಹೆಸರುವಾಸಿಯಾದವು. ತಲೆಮಾರುಗಳಿಂದ ಯಾತ್ರಿಕರು ಅವನ್ನು ಕಂಡಿದ್ದರು. ಯಾವುದು ಯಾವ ತೀರ್ಥಂಕರರ ಬಿಂಬ, ಯಾವುದು ಯಾವ ರತ್ನದ್ದು ಎಂಬುದು ತಿಳಿದವರಿದ್ದರು. ಹುಡುಕುವವರಿಗೆ ತಾವು ಏನನ್ನು ಹುಡುಕುತ್ತಿರುವೆವೆಂಬುದು ಗೊತ್ತಿದ್ದರೆ, ಅರ್ಧ ದಾರಿ ಕ್ರಮಿಸಿದಂತೆಯೇ ಸರಿ.

ಎಲ್ಲ ಊರಿನ ಎಲ್ಲ ಮೂರ್ತಿಗಳಿಗೂ ಈ ಭಾಗ್ಯವಿಲ್ಲ. ಪದವಿನ ಕೆಳಗಿನ ಯಾವುದೋ ಹಳ್ಳಿಯ ಚಿಕ್ಕ ಗುಡಿಯಿಂದ ಒಂದು ಪಂಚಲೋಹದ ಉತ್ಸವಮೂರ್ತಿ ಕಾಣೆಯಾಯಿತೆಂದು ಭಾವಿಸೋಣ. ದೂರು ಬರೆದುಕೊಳ್ಳುವ ಅಧಿಕಾರಿ ಕೇಳುತ್ತಾರೆ: ಮೂರ್ತಿಯ ಎತ್ತರವೆಷ್ಟು? ತೂಕವೆಷ್ಟು? ಕೈಗಳೆಷ್ಟು, ಯಾವ ಕೈಯಲ್ಲಿ ಏನಿದೆ? ಪೀಠದ ಮೇಲೆ ಅಕ್ಷರಗಳಿವೆಯೆ? ಎಲ್ಲಿಯಾದರೂ ಮುಕ್ಕಾಗಿದೆಯೆ? ಛಾಯಾಚಿತ್ರವಿದೆಯೆ? ಊರಿನ ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಒಬ್ಬರು ಒಂದು ಮೊಳವೆನ್ನುತ್ತಾರೆ, ಇನ್ನೊಬ್ಬರು ಒಂದೂವರೆ ಗೇಣೆನ್ನುತ್ತಾರೆ. ಕೊನೆಗೆ ಎಲ್ಲರೂ ಒಪ್ಪುವ ಉತ್ತರ ಇಷ್ಟೇ: “ಬಹಳ ಹಳೆಯದು, ಬಹಳ ಕಾರಣಿಕದ್ದು.” ಭಕ್ತಿಯ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ವಿವರಣೆ ಬೇಕಿಲ್ಲ. ಆದರೆ ಈ ಎರಡು ಮಾತುಗಳನ್ನು ಹಿಡಿದು ಯಾವ ಪೊಲೀಸನೂ ಯಾವ ಮೂರ್ತಿಯನ್ನೂ ಗುರುತಿಸಲಾರನು. ಪ್ರತಿದಿನವೂ ಅಲಂಕಾರದೊಡನೆ, ಹೂವಿನ ಮರೆಯಲ್ಲಿ, ದೀಪದ ಬೆಳಕಿನಲ್ಲಿ ಕಂಡ ಮೂರ್ತಿಯನ್ನು ಊರಿನವರು ಕಂಡಿದ್ದಾರೆ, ನೋಡಿಲ್ಲ.

ತುಳುನಾಡಿನ ದೈವಸ್ಥಾನಗಳ ವಿಷಯದಲ್ಲಿ ಇನ್ನೊಂದು ತೊಡಕುಂಟು. ದೈವದ ಮೊಗ, ಕಡ್ತಲೆ, ಘಂಟೆ ಮುಂತಾದವು ದೈವದ ಭಂಡಾರವೆನಿಸುತ್ತವೆ. ಅನೇಕ ಊರುಗಳಲ್ಲಿ ಈ ಭಂಡಾರವು ಗುತ್ತಿನ ಮನೆಯಲ್ಲಿಯೋ ಪ್ರತ್ಯೇಕವಾದ ಭಂಡಾರದ ಕೋಣೆಯಲ್ಲಿಯೋ ಇರುತ್ತದೆ. ನೇಮದ ದಿನ ವಾದ್ಯಗಳೊಡನೆ ಹೊರಬಂದು, ನೇಮ ಮುಗಿದ ಮೇಲೆ ಮತ್ತೆ ಒಳಸೇರುತ್ತದೆ. ಮುಂದಿನ ವರ್ಷದವರೆಗೆ ಅದನ್ನು ಕಾಣುವವರು ಬೆರಳೆಣಿಕೆಯವರು. ಇಂತಹ ವಸ್ತು ಕಳವಾದರೆ ಆ ಸಂಗತಿ ಬೆಳಕಿಗೆ ಬರುವುದೇ ತಡವಾಗಬಹುದು. ಅಷ್ಟರಲ್ಲಿ ಅದು ಎಷ್ಟು ಕೈಗಳನ್ನು ದಾಟಿರುತ್ತದೆಯೋ ಹೇಳುವವರಾರು? ಆಗ ‘ಕದ್ದವರು ಯಾರು’ ಎಂಬ ಪ್ರಶ್ನೆಗಿಂತ ‘ಕದ್ದದ್ದು ಯಾವುದು’ ಎಂಬ ಪ್ರಶ್ನೆಯೇ ಹೆಚ್ಚು ನಿಗೂಢವಾಗುತ್ತದೆ.

ಕಳವಿನ ವ್ಯಾಪಾರವು ನಿಂತಿರುವುದೂ ಈ ನಿಗೂಢತೆಯ ಮೇಲೆಯೇ. ರಾತ್ರಿ ಗುಡಿಯ ಬಾಗಿಲು ಮುರಿಯುವವನು ಆ ಸರಪಳಿಯ ಮೊದಲ ಕೊಂಡಿ ಮಾತ್ರ. ಅವನಿಗೆ ದೊರೆಯುವುದು ಅಲ್ಪ ಹಣ. ಅವನಿಂದ ಮಧ್ಯವರ್ತಿಯ ಕೈಗೆ, ಅಲ್ಲಿಂದ ಹೊಸ ಕರಕುಶಲ ವಸ್ತುಗಳ ಪೆಟ್ಟಿಗೆಯೊಳಗೆ, ಅಲ್ಲಿಂದ ಹಡಗಿಗೆ, ಅಲ್ಲಿಂದ ವಿದೇಶದ ವ್ಯಾಪಾರಿಯ ಮಳಿಗೆಗೆ ಮೂರ್ತಿ ಸಾಗುತ್ತದೆ. ಈ ಪ್ರಯಾಣದಲ್ಲಿ ಅದಕ್ಕೊಂದು ಹೊಸ ಚರಿತ್ರೆಯನ್ನು ಕಟ್ಟಲಾಗುತ್ತದೆ. ‘ಇದು ಬಹು ಹಿಂದೆಯೇ ಭಾರತದಿಂದ ಹೊರಬಂದದ್ದು, ಇಂಥವರ ಸಂಗ್ರಹದಲ್ಲಿದ್ದದ್ದು’ ಎಂಬ ಸುಳ್ಳು ಕಾಗದಗಳು ಹುಟ್ಟುತ್ತವೆ. ಊರಿನಲ್ಲಿ ದಾಖಲೆಯಿಲ್ಲದ ಮೂರ್ತಿಗೆ ಪರದೇಶದಲ್ಲಿ ದಾಖಲೆ ದೊರೆಯುತ್ತದೆ. ನಿಜಕ್ಕೆ ಕಾಗದವಿಲ್ಲ, ಸುಳ್ಳಿಗೆ ಕಾಗದವಿದೆ. ಹೀಗಿರುವಲ್ಲಿ ನ್ಯಾಯಾಲಯವು ಯಾವುದನ್ನು ನಂಬಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕುವವರು ನೆರೆಯ ತಮಿಳುನಾಡಿನ ಕಡೆಗೆ ನೋಡಬೇಕು. ಚೋಳರ ಕಾಲದ ಲೋಹಮೂರ್ತಿಗಳಿಗಾಗಿ ಲೋಕದ ಸಂಗ್ರಾಹಕರು ಹಾತೊರೆದ ಕಾರಣ ಅಲ್ಲಿನ ಗುಡಿಗಳು ಈ ಕಷ್ಟವನ್ನು ಹೆಚ್ಚಾಗಿ ಅನುಭವಿಸಿದವು. ತಂಜಾವೂರು ಸೀಮೆಯ ಶಿವಪುರಂ ಎಂಬಲ್ಲಿ 1951ರಲ್ಲಿ ಭೂಮಿಯೊಳಗಿನಿಂದ ಒಂದು ನಟರಾಜ ಮೂರ್ತಿ ದೊರೆಯಿತು. ಅದನ್ನು ದುರಸ್ತಿಗೆಂದು ಶಿಲ್ಪಿಯ ಬಳಿಗೆ ಕಳುಹಿಸಿದಾಗ ಮೂಲಮೂರ್ತಿಯ ಬದಲಿಗೆ ಅದರ ನಕಲು ಗುಡಿಗೆ ಮರಳಿ ಬಂದಿತು. ಗುಡಿಯಲ್ಲಿದ್ದವರಿಗೆ ಅದು ತಿಳಿಯಲೇ ಇಲ್ಲ. 1965ರಲ್ಲಿ ಬ್ರಿಟಿಷ್ ಮ್ಯೂಸಿಯಂನ ವಿದ್ವಾಂಸ ಡಗ್ಲಸ್ ಬ್ಯಾರೆಟ್ ತಮ್ಮ ಗ್ರಂಥದಲ್ಲಿ, ಗುಡಿಯಲ್ಲಿರುವುದು ನಕಲು ಎಂದು ತಿಳಿಸಿದ ಮೇಲೆ ಲೋಕ ಎಚ್ಚರಗೊಂಡಿತು. ಮೂಲಮೂರ್ತಿ ಅಮೆರಿಕದ ನಾರ್ಟನ್ ಸೈಮನ್ ಸಂಗ್ರಹವನ್ನು ಸೇರಿ, ದೀರ್ಘ ವ್ಯಾಜ್ಯದ ಬಳಿಕ 1980ರ ದಶಕದಲ್ಲಿ ಭಾರತಕ್ಕೆ ಮರಳಿತು. ಆರತಿ ತಪ್ಪದೆ ನಡೆದಿತ್ತು, ನೈವೇದ್ಯ ತಪ್ಪದೆ ನಡೆದಿತ್ತು. ಮೂರ್ತಿ ಮಾತ್ರ ಅಲ್ಲಿರಲಿಲ್ಲ.

ಪತ್ತೂರು ಎಂಬ ಇನ್ನೊಂದು ಊರಿನ ಕಥೆ ಮತ್ತೂ ಸೋಜಿಗದ್ದು. ಅಲ್ಲಿ 1976ರಲ್ಲಿ ಕೂಲಿಗಾರನೊಬ್ಬನ ಗುದ್ದಲಿಗೆ ಸಿಕ್ಕಿದ ನಟರಾಜ ಮೂರ್ತಿ ಕೈಯಿಂದ ಕೈಗೆ ಸಾಗಿ ಲಂಡನ್ ನಗರವನ್ನು ಸೇರಿತು. 1982ರಲ್ಲಿ ಅದನ್ನು ಕೆನಡಾದ ಸಂಸ್ಥೆಯೊಂದು ಕೊಂಡಿತು. ಶುದ್ಧಗೊಳಿಸಲೆಂದು ಬ್ರಿಟಿಷ್ ಮ್ಯೂಸಿಯಂಗೆ ಒಯ್ದಾಗ ಪೊಲೀಸರು ಅದನ್ನು ವಶಪಡಿಸಿಕೊಂಡರು. ಮೂರ್ತಿ ಯಾರದು ಎಂಬ ವ್ಯಾಜ್ಯ ಲಂಡನ್ನಿನ ನ್ಯಾಯಾಲಯಕ್ಕೆ ಹೋಯಿತು. ಪಾಳುಬಿದ್ದ ಆ ಗುಡಿಯ ಪರವಾಗಿಯೇ ಹಕ್ಕು ಸಾಧಿಸಲಾಯಿತು. ತಜ್ಞರು ಮೂರ್ತಿಯ ಶೈಲಿಯನ್ನು, ಲೋಹವನ್ನು, ಅದಕ್ಕಂಟಿದ್ದ ಮಣ್ಣನ್ನು ಪರೀಕ್ಷಿಸಿ ಸಾಕ್ಷ್ಯ ನುಡಿದರು. 1988ರಲ್ಲಿ ತೀರ್ಪು ಗುಡಿಯ ಪರವಾಗಿ ಬಂದಿತು. ಮೇಲ್ಮನವಿಯಲ್ಲಿಯೂ ಅದೇ ಎತ್ತಿಹಿಡಿಯಲ್ಪಟ್ಟು, 1991ರಲ್ಲಿ ಮೂರ್ತಿ ಭಾರತಕ್ಕೆ ಮರಳಿತು. ಪಾಳುಗುಡಿಯೂ ತನ್ನ ಸೊತ್ತನ್ನು ಕೇಳಬಲ್ಲದೆಂಬ ತತ್ತ್ವವು ಹೀಗೆ ದೂರದೇಶದ ನ್ಯಾಯಪೀಠದಲ್ಲಿ ಮನ್ನಣೆ ಪಡೆಯಿತು. ಆದರೆ ಅದನ್ನು ಸಾಧಿಸಲು ಎಷ್ಟು ವರ್ಷಗಳು, ಎಷ್ಟು ಜನರ ಶ್ರಮ ಬೇಕಾಯಿತೆಂಬುದನ್ನು ಮರೆಯಬಾರದು.

ಮೂರನೆಯ ಉದಾಹರಣೆ ಇತ್ತೀಚಿನದು. ಅರಿಯಲೂರು ಜಿಲ್ಲೆಯ ಶ್ರೀಪುರಂದಾನ್ ಎಂಬ ಹಳ್ಳಿಯ ಗುಡಿಯಿಂದ ಕಳವಾದ ನಟರಾಜ ಮೂರ್ತಿಯನ್ನು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್ ಎಂಬವನು 2008ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಸಂಗ್ರಹಾಲಯಕ್ಕೆ ಮಾರಿದನು. ಬೆಲೆ ಐವತ್ತು ಲಕ್ಷ ಅಮೆರಿಕನ್ ಡಾಲರುಗಳು. ಕಾಗದಪತ್ರಗಳೆಲ್ಲ ಸರಿಯಾಗಿರುವಂತೆ ತೋರಿದವು. ಆ ಕಾಗದಗಳ ಗೋಪುರವನ್ನು ಕೆಡವಿದುದು ಒಂದು ಛಾಯಾಚಿತ್ರ. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ದಕ್ಷಿಣ ಭಾರತದ ಗುಡಿಗಳನ್ನು ಸುತ್ತಿ, ಅಲ್ಲಿನ ಮೂರ್ತಿಗಳ ಛಾಯಾಚಿತ್ರಗಳನ್ನು ಸಾವಿರಾರು ಸಂಖ್ಯೆಯಲ್ಲಿ ಸಂಗ್ರಹಿಸಿದ್ದರು. ಶ್ರೀಪುರಂದಾನ್ ಗುಡಿಯೊಳಗೆ ಕಳವಿಗೆ ಮೊದಲೇ ತೆಗೆದಿದ್ದ ಚಿತ್ರವನ್ನೂ ವಸ್ತುಸಂಗ್ರಹಾಲಯದ ಚಿತ್ರವನ್ನೂ ಹೋಲಿಸಿದಾಗ ಎರಡೂ ಒಂದೇ ಮೂರ್ತಿಯವೆಂಬುದು ತಿಳಿಯಿತು. 2014ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಪ್ರಧಾನಿ ಮೂರ್ತಿಯನ್ನು ಭಾರತಕ್ಕೆ ಒಪ್ಪಿಸಿದರು. 2011ರಲ್ಲಿ ಜರ್ಮನಿಯಲ್ಲಿ ಬಂಧಿತನಾಗಿ ಮರುವರ್ಷ ಭಾರತಕ್ಕೆ ತರಲ್ಪಟ್ಟಿದ್ದ ಕಪೂರನಿಗೆ, ತಮಿಳುನಾಡಿನ ಮತ್ತೊಂದು ಗುಡಿಯ ವಿಗ್ರಹಗಳ ಪ್ರಕರಣದಲ್ಲಿ 2022ರಲ್ಲಿ ಕುಂಭಕೋಣದ ನ್ಯಾಯಾಲಯವು ಹತ್ತು ವರ್ಷಗಳ ಸೆರೆವಾಸ ವಿಧಿಸಿತು. ಚಿತ್ರ ತೆಗೆದ ಆ ದಿನ ಕ್ಯಾಮೆರಾ ಹಿಡಿದವನಿಗೆ ಇದೊಂದೂ ಗೊತ್ತಿರಲಿಲ್ಲ. ಅವನು ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದನು, ಅಷ್ಟೇ.

ಒಂದು ಮೂರ್ತಿಯನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸುವುದು ಹೇಗೆ ಸಾಧ್ಯ ಎಂದು ಕೇಳಬಹುದು. ಲಕ್ಷಣಗ್ರಂಥಗಳು ಹೇಳಿದ ಅಳತೆಯಂತೆಯೇ ಎಲ್ಲ ಮೂರ್ತಿಗಳೂ ರೂಪುಗೊಂಡಿರುವುದಿಲ್ಲವೆ? ಇದಕ್ಕೆ ಉತ್ತರ ಎರಕದ ವಿಧಾನದಲ್ಲಿಯೇ ಇದೆ. ಶಿಲ್ಪಿಯು ಮೊದಲು ಮೇಣದಲ್ಲಿ ಮೂರ್ತಿಯನ್ನು ರಚಿಸುತ್ತಾನೆ. ಅದರ ಮೇಲೆ ನಯವಾದ ಮಣ್ಣನ್ನು ಪದರಪದರವಾಗಿ ಮೆತ್ತಿ ಒಣಗಿಸುತ್ತಾನೆ. ಬೆಂಕಿಯಲ್ಲಿ ಕಾಯಿಸಿದಾಗ ಮೇಣವು ಕರಗಿ ಹೊರಹರಿದು, ಒಳಗೆ ಮೂರ್ತಿಯ ಆಕಾರದ ಟೊಳ್ಳು ಉಳಿಯುತ್ತದೆ. ಕರಗಿದ ಲೋಹವನ್ನು ಆ ಟೊಳ್ಳಿಗೆ ಹೊಯ್ದು, ಆರಿದ ಮೇಲೆ ಮಣ್ಣಿನ ಅಚ್ಚನ್ನು ಒಡೆಯುತ್ತಾನೆ. ಅಚ್ಚು ಒಡೆದುಹೋಯಿತೆಂದ ಮೇಲೆ ಅದೇ ಅಚ್ಚಿನಿಂದ ಎರಡನೆಯ ಮೂರ್ತಿ ಹುಟ್ಟಲಾರದು. ಲೋಹ ಹರಿಯುವಾಗ ಉಂಟಾದ ಸಣ್ಣ ಗುಳಿ, ಉಳಿ ತಗಲಿದ ಗೆರೆ, ಶತಮಾನಗಳ ಅಭಿಷೇಕದಿಂದ ಸವೆದ ಮೂಗಿನ ತುದಿ, ಯಾವಾಗಲೋ ಬಿದ್ದು ಮುಕ್ಕಾದ ಬೆರಳು, ಇವೆಲ್ಲ ಆ ಒಂದು ಮೂರ್ತಿಗೆ ಮಾತ್ರ ಸೇರಿದವು. ಕಳ್ಳನು ಮೂರ್ತಿಯ ಹೆಸರನ್ನು ಬದಲಿಸಬಲ್ಲನು, ಊರನ್ನು ಬದಲಿಸಬಲ್ಲನು. ಈ ಗುರುತುಗಳನ್ನೆಲ್ಲ ಅಳಿಸಿಹಾಕುವುದು ಸುಲಭವಲ್ಲ. ಆದರೆ ಕಳವಿಗೆ ಮೊದಲೇ ಅವುಗಳನ್ನು ನೋಡಿ ಬರೆದಿಟ್ಟವರಿದ್ದರೆ ಮಾತ್ರ ಅವು ಸಾಕ್ಷಿಯಾಗುತ್ತವೆ.

ಹಿಂದಿನವರಿಗೆ ಈ ವಿವೇಕವಿತ್ತು. ಮಂಗಳೂರಿನ ಕದ್ರಿ ದೇವಾಲಯದ ಲೋಕೇಶ್ವರ ಮೂರ್ತಿ ದಕ್ಷಿಣ ಭಾರತದ ಶ್ರೇಷ್ಠ ಲೋಹಶಿಲ್ಪಗಳಲ್ಲಿ ಒಂದು. ಅದರ ಪೀಠದ ಮೇಲೆ ಶಾಸನವಿದೆ. ಆಳುಪ ಅರಸನಾದ ಕುಂದವರ್ಮನ ಹೆಸರೂ, ಕ್ರಿ.ಶ. 968ಕ್ಕೆ ಸರಿಹೊಂದುವ ಕಾಲವೂ ಅದರಲ್ಲಿ ಕಾಣಬರುತ್ತವೆ. ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕವೂ ಆ ಮೂರ್ತಿ ತಾನು ಯಾರ ಕಾಲದ್ದೆಂಬುದನ್ನು ತಾನೇ ಹೇಳುತ್ತದೆ. ನಾಡಿನ ಉದ್ದಗಲಕ್ಕೂ ಹರಡಿರುವ ದಾನಶಾಸನಗಳನ್ನು ನೋಡಿದರೂ ಇದೇ ಮಾತು. ದೇವರಿಗೆ ಬಿಟ್ಟ ಗದ್ದೆಯ ನಾಲ್ಕು ಎಲ್ಲೆಗಳಾವುವು, ನಂದಾದೀಪಕ್ಕೆ ಎಣ್ಣೆಯೆಷ್ಟು, ನೈವೇದ್ಯಕ್ಕೆ ಅಕ್ಕಿಯೆಷ್ಟು ಎಂಬುದನ್ನು ಹಿರಿಯರು ಕಲ್ಲಿನಲ್ಲಿ ಕೊರೆಯಿಸಿ ನಿಲ್ಲಿಸಿದರು. ದೇವರ ಸೊತ್ತಿಗೆ ಲೆಕ್ಕವಿಡುವುದು ಅಪನಂಬಿಕೆಯಲ್ಲ, ಅದೂ ಒಂದು ಸೇವೆಯೆಂದು ಅವರು ತಿಳಿದಿದ್ದರು.

ದಾಖಲೆಯ ಹಿರಿಮೆಯನ್ನು ತೋರಿಸುವ ಇನ್ನೊಂದು ಪ್ರಸಂಗ ಮೂಡುಬಿದಿರೆಯ ಅದೇ ಗುರುಬಸದಿಯಲ್ಲಿ ನಡೆದಿದೆ. ಜೈನಸಿದ್ಧಾಂತದ ಮಹಾಗ್ರಂಥಗಳಾದ ಧವಲಾ, ಜಯಧವಲಾ, ಮಹಾಧವಲಾ ಎಂಬುವುಗಳ ತಾಳೆಯೋಲೆಯ ಪ್ರತಿಗಳು ಅಲ್ಲಿದ್ದವು. ವೀರಸೇನಾಚಾರ್ಯರು ಧವಲಾ ಟೀಕೆಯನ್ನು ಕ್ರಿ.ಶ. 816ರಲ್ಲಿ ಮುಗಿಸಿದರು. ಜಯಧವಲಾ ಟೀಕೆಯನ್ನು ಅವರ ಶಿಷ್ಯ ಜಿನಸೇನಾಚಾರ್ಯರು ನೃಪತುಂಗನ ಕಾಲದಲ್ಲಿ, 837ರಲ್ಲಿ, ಪೂರ್ಣಗೊಳಿಸಿದರು. ಕಾಲಾಂತರದಲ್ಲಿ ಈ ಗ್ರಂಥಗಳು ಮೂಡುಬಿದಿರೆಯ ಹೊರತು ಬೇರೆಡೆ ಉಳಿಯಲಿಲ್ಲ. ಯಾತ್ರಿಕರು ಅವುಗಳ ಕಟ್ಟುಗಳಿಗೆ ನಮಸ್ಕರಿಸಿ ಮರಳುತ್ತಿದ್ದರು; ಓದುವವರು ವಿರಳರಾಗಿದ್ದರು. ಹಳಗನ್ನಡ ಲಿಪಿಯ ಆ ಓಲೆಗಳು ವರ್ಷದಿಂದ ವರ್ಷಕ್ಕೆ ಜೀರ್ಣವಾಗುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಹೊರಗಿನ ಶ್ರಾವಕರ ಒತ್ತಾಯದ ಮೇರೆಗೆ, ಪ್ರತಿ ಮಾಡುವ ಕೆಲಸ ಆರಂಭವಾಯಿತು. ಪ್ರತಿಗಳನ್ನು ಹೊರಗೆ ಕೊಡಲು ಮಾತ್ರ ಅನುಮತಿಯಿರಲಿಲ್ಲ. ಆಗ ಲಿಪಿಕಾರರಾಗಿದ್ದ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅದು ಉತ್ತರ ಭಾರತದ ಸಹಾರನ್‌ಪುರವನ್ನು ಸೇರಿ, ನಾಗರಿ ಲಿಪಿಗೆ ಇಳಿದು, ಹಲವು ಕಡೆಗೆ ಹರಡಿತು. 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲನೆಯ ಸಂಪುಟವು ಅಚ್ಚಾಗಿ ಲೋಕದ ಕೈಸೇರಿತು.

ನಂಬಿಕೆಯಿಟ್ಟವರಿಗೆ ತಿಳಿಸದೆ ಪ್ರತಿ ಮಾಡಿದುದು ಸರಿಯೆ ತಪ್ಪೆ ಎಂಬುದರ ಬಗೆಗೆ ಭಿನ್ನಾಭಿಪ್ರಾಯವಿರಬಹುದು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. 1896ರ ಸುಮಾರಿಗೆ ಆರಂಭವಾದ ಆ ಬರವಣಿಗೆಯಿಂದ ಬಸದಿಯಲ್ಲಿದ್ದ ಒಂದು ಓಲೆಯೂ ಕಡಿಮೆಯಾಗಲಿಲ್ಲ. ಮೂಲವು ಮೂಡುಬಿದಿರೆಯಲ್ಲಿಯೇ ಉಳಿಯಿತು. ಅದರ ತಿಳಿವು ಮಾತ್ರ ಹೊರಗೆ ಹೋಯಿತು. ಇನ್ನು ಮುಂದೆ ಬೆಂಕಿಯಾಗಲಿ, ಗೆದ್ದಲಾಗಲಿ, ಕಳ್ಳನಾಗಲಿ ಆ ಗ್ರಂಥವನ್ನು ಲೋಕದಿಂದ ಅಳಿಸಲಾರರು. 2013ರ ಕಳವಿನಲ್ಲಾದರೋ ಮೂಲವೇ ಹೊರಟುಹೋಯಿತು. ಪ್ರತಿ ಮಾಡುವುದರಿಂದ ಪವಿತ್ರವಾದುದು ಹಂಚಿಹೋಗಿ ಕಡಿಮೆಯಾಗುತ್ತದೆಂಬ ಹೆದರಿಕೆ ಹಳೆಯದು. ಒಂದೇ ಬಸದಿಯ ಈ ಎರಡು ಪ್ರಸಂಗಗಳು ಅದಕ್ಕೆ ವಿರುದ್ಧವಾದುದನ್ನೇ ಕಲಿಸುತ್ತವೆ. ಪ್ರತಿಯುಳ್ಳದ್ದು ಉಳಿಯುತ್ತದೆ, ಪ್ರತಿಯಿಲ್ಲದ್ದು ಒಂದು ರಾತ್ರಿಯ ಅಜಾಗ್ರತೆಗೆ ಬಲಿಯಾಗಬಹುದು. ಮೂರ್ತಿಯ ಛಾಯಾಚಿತ್ರ, ಅದರ ಅಳತೆ, ಅದರ ವಿವರಗಳು ಮೂರ್ತಿಗೆ ಸಮನಲ್ಲ, ನಿಜ. ಆದರೆ ಮೂರ್ತಿ ಎಲ್ಲಿಗೆ ಹೋದರೂ ಅದನ್ನು ಹೆಸರು ಹಿಡಿದು ಕರೆಯುವ ಶಕ್ತಿ ಅವುಗಳಿಗುಂಟು.

ಇದಕ್ಕೆ ಕೆಲವು ಆಕ್ಷೇಪಣೆಗಳು ಬರುತ್ತವೆ. ಚಿತ್ರ ತೆಗೆದರೆ ಕಳ್ಳರಿಗೆ ದಾರಿ ತೋರಿಸಿದಂತಾಗುವುದೆಂಬುದು ಮೊದಲನೆಯದು. ಈ ಭಯ ನಿರಾಧಾರವಾದುದಲ್ಲ. ಆದರೆ ದಾಖಲೆ ಮಾಡುವುದೆಂದರೆ ಪ್ರಚಾರ ಮಾಡುವುದಲ್ಲ. ಒಂದು ಪ್ರತಿಯನ್ನು ಆಡಳಿತದವರ ಬಳಿ, ಇನ್ನೊಂದನ್ನು ಬೇರೆಡೆ ಭದ್ರವಾಗಿ ಇಟ್ಟರೆ ಸಾಕು, ಊರೂರಿಗೆ ಹಂಚಬೇಕಾಗಿಲ್ಲ. ಭಕ್ತನ ವೇಷದಲ್ಲಿ ಬಂದು ಕೈಮುಗಿದು ನಿಂತ ಕಳ್ಳನಿಗೆ ಗುಡಿಯೊಳಗೇನಿದೆಯೆಂದು ಹೇಗೂ ತಿಳಿಯುತ್ತದೆ. ತಿಳಿಯದೆ ಉಳಿಯುವವರು ಒಡೆಯರೇ. ಮೂರ್ತಿಗಳನ್ನೆಲ್ಲ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರಾಯಿತೆಂಬುದು ಎರಡನೆಯ ಸಲಹೆ. ಪೂಜೆ ನಿಂತು ಪಾಳುಬಿದ್ದ ಗುಡಿಯ ಮೂರ್ತಿಗೆ, ಊರಿನವರು ಒಪ್ಪಿದರೆ, ಅದೇ ಒಳ್ಳೆಯ ಆಶ್ರಯ. ಆದರೆ ಎಣ್ಣೆ, ನೀರು, ಹೂವು, ಹಾಡುಗಳ ನಡುವೆ ಬದುಕಿರುವ ಮೂರ್ತಿಯನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟರೆ ಲೋಹ ಉಳಿದೀತು, ಅದರ ಸುತ್ತಲಿನ ಬದುಕು ಉಳಿಯದು. ದೇವರು ತನ್ನನ್ನು ತಾನೇ ಕಾಪಾಡಿಕೊಳ್ಳುವನೆಂಬುದು ಮೂರನೆಯ ಮಾತು. ಆ ನಂಬಿಕೆ ಗೌರವಕ್ಕೆ ಅರ್ಹವಾದುದೇ. ಹಾಗೆ ನಂಬಿದವರೂ ರಾತ್ರಿ ಗುಡಿಗೆ ಬೀಗ ಹಾಕಿಯೇ ಮನೆಗೆ ಹೋಗುತ್ತಾರೆ. ಬೀಗ ಹಾಕುವ ಕೈ ಪಟ್ಟಿಯನ್ನೂ ಬರೆಯಬಹುದು.

ಕಾಣೆಯಾಗುವುದೆಲ್ಲ ಕಳ್ಳನಿಂದಲೇ ಅಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು. ಜೀರ್ಣೋದ್ಧಾರದ ಉತ್ಸಾಹದಲ್ಲಿ ಹಳೆಯ ಮರದ ಮೂರ್ತಿಗಳನ್ನು ಹಿತ್ತಲಿನಲ್ಲಿ ಹಾಕಿಬಿಡುವುದುಂಟು. ಹಳೆಯ ಹಿತ್ತಾಳೆಯನ್ನು ತೂಕಕ್ಕೆ ಕೊಟ್ಟು ಹೊಳೆಯುವ ಹೊಸದನ್ನು ತರುವುದುಂಟು. ತುಳುನಾಡಿನ ದೈವಗಳ ಮೊಗಗಳು, ಮರದ ಮೂರ್ತಿಗಳು ಇಂದು ದೆಹಲಿಯಲ್ಲಿ, ವಿದೇಶಗಳ ವಸ್ತುಸಂಗ್ರಹಾಲಯಗಳಲ್ಲಿ ಕಾಣಸಿಗುತ್ತವೆ. ಅವೆಲ್ಲ ಕಳವಾದವೆಂದು ಹೇಳುವುದು ಅನ್ಯಾಯವಾದೀತು. ಕೆಲವನ್ನು ಕೊಟ್ಟಿರಬಹುದು, ಕೆಲವನ್ನು ಮಾರಿರಬಹುದು. ಆದರೆ ಯಾವ ಮೊಗ ಯಾವ ಊರಿನ ಯಾವ ದೈವದ್ದೆಂಬ ವಿವರ ಜತೆಯಲ್ಲಿ ಹೋಗದಿದ್ದರೆ, ಅಲ್ಲಿ ಅದು ಬರಿಯ ಸುಂದರ ವಸ್ತು. ಊರಿನಲ್ಲಿ ಅದಕ್ಕೊಂದು ಪಾಡ್ದನವಿತ್ತು, ಕುಟುಂಬಗಳಿದ್ದವು, ಹೊತ್ತು ತರುವ ದಾರಿಯಿತ್ತು. ಬೆಲೆ ಸಿಕ್ಕಿದರೂ ಹೆಸರು ಹೋಯಿತು.

ಕಾನೂನಿನ ಆಸರೆ ಇಲ್ಲವೆಂದಲ್ಲ. 1972ರ ಪ್ರಾಚೀನ ವಸ್ತುಗಳು ಹಾಗೂ ಕಲಾನಿಧಿಗಳ ಅಧಿನಿಯಮವು 1976ರಿಂದ ಜಾರಿಯಲ್ಲಿದೆ. ನೂರು ವರ್ಷಕ್ಕೆ ಮೇಲ್ಪಟ್ಟ ಶಿಲ್ಪಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವುದು ಅದರ ಪ್ರಕಾರ ಅಪರಾಧ. ಗೊತ್ತುಪಡಿಸಿದ ಬಗೆಯ ಪ್ರಾಚೀನ ವಸ್ತುಗಳನ್ನು ನೋಂದಾಯಿಸಬೇಕೆಂದೂ ಅದು ವಿಧಿಸುತ್ತದೆ. ಕಳವಾದ ಸಾಂಸ್ಕೃತಿಕ ಸೊತ್ತನ್ನು ತಡೆಯುವ 1970ರ ಯುನೆಸ್ಕೋ ಒಪ್ಪಂದಕ್ಕೆ ಭಾರತವು 1977ರಲ್ಲಿ ಸೇರಿತು. ಅದರ ಫಲವಾಗಿಯೂ, ವಿದೇಶಗಳ ಜನಾಭಿಪ್ರಾಯ ಬದಲಾದುದರಿಂದಲೂ ಈಚೆಗೆ ಬಹಳಷ್ಟು ವಸ್ತುಗಳು ಮರಳುತ್ತಿವೆ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕವೊಂದೇ 297 ಪ್ರಾಚೀನ ವಸ್ತುಗಳನ್ನು ಹಿಂದಿರುಗಿಸಿತು. ಸಂತೋಷದ ಸಂಗತಿಯೇ. ಆದರೆ ದೇಶಕ್ಕೆ ಮರಳುವುದು ಬೇರೆ, ಮನೆಗೆ ಮರಳುವುದು ಬೇರೆ. ವಶಪಡಿಸಿಕೊಂಡ ಹಾಗೂ ಮರಳಿ ಪಡೆದ ಪ್ರಾಚೀನ ವಸ್ತುಗಳಿಗಾಗಿಯೇ ದೆಹಲಿಯ ಪುರಾನಾ ಕಿಲಾದಲ್ಲಿ 2019ರಲ್ಲಿ ಒಂದು ಪ್ರದರ್ಶನಾಲಯ ತೆರೆಯಿತು. ‘ಇದು ಇಂಥ ಊರಿನ ಇಂಥ ಗುಡಿಯದು’ ಎಂದು ಸಾಧಿಸಿ ತೋರಿಸುವವರಿಲ್ಲದಿದ್ದರೆ, ಸಾಗರವನ್ನು ದಾಟಿ ಬಂದ ಮೂರ್ತಿಯೂ ತನ್ನೂರಿನ ಕೊನೆಯ ದಾರಿಯನ್ನು ಕ್ರಮಿಸಲಾರದು.

ಆ ಕೊನೆಯ ದಾರಿಯನ್ನು ತೆರೆದಿಡುವ ಕೆಲಸ ಸರಕಾರದ ಕಚೇರಿಯಲ್ಲಿ ಆರಂಭವಾಗಬೇಕಾಗಿಲ್ಲ, ಊರಿನಲ್ಲಿಯೇ ಆರಂಭವಾಗಬಹುದು. ಅದಕ್ಕೆ ಬೇಕಾದ ಸಾಧನಗಳು ಹೆಚ್ಚೇನಿಲ್ಲ. ಒಂದು ಅಳತೆಪಟ್ಟಿ, ಒಂದು ತಕ್ಕಡಿ, ಒಂದು ಕ್ಯಾಮೆರಾ, ಒಂದು ಗಟ್ಟಿ ರಟ್ಟಿನ ಪುಸ್ತಕ. ಗರ್ಭಗುಡಿಯ ನಿಯಮವನ್ನು ಮೀರಬಾರದಾದುದರಿಂದ ಒಳಗಿನ ಕೆಲಸವನ್ನು ಅರ್ಚಕರೇ ಮಾಡಬೇಕು. ಅಲಂಕಾರ ತೆಗೆದ ವೇಳೆಯಲ್ಲಿ, ಹಿರಿಯರ ಒಪ್ಪಿಗೆ ಪಡೆದು, ಮುಂದಿನಿಂದ, ಹಿಂದಿನಿಂದ, ಎರಡು ಪಕ್ಕಗಳಿಂದ ಚಿತ್ರ ತೆಗೆಯಬೇಕು. ಬೆನ್ನಿನ ಭಾಗವನ್ನು ಮರೆಯಬಾರದು. ಭಕ್ತರು ಕಾಣದ ಆ ಭಾಗದಲ್ಲಿಯೇ ಎರಕದ ಗುರುತುಗಳು ಉಳಿದಿರುವುದು ಹೆಚ್ಚು. ಪೀಠದ ಅಕ್ಷರಗಳು ಓದಲು ಬಾರದಿದ್ದರೂ ಅವುಗಳ ಚಿತ್ರವಿರಲಿ. ಎತ್ತರ, ಅಗಲ, ತೂಕ, ಲೋಹ, ಮುಕ್ಕಾದ ಜಾಗ, ಬೆಸುಗೆ ಹಾಕಿದ ಜಾಗ, ಎಲ್ಲವನ್ನೂ ಬರೆದು, ದಿನಾಂಕ ಹಾಕಿ, ನಾಲ್ವರು ಸಹಿ ಮಾಡಬೇಕು. ಮೂರ್ತಿಯ ಬಗೆಗೆ ಊರಿನ ಅಜ್ಜಿಯರು ಹೇಳುವ ಕಥೆಯನ್ನೂ ಪಕ್ಕದಲ್ಲಿ ಬರೆಯಬೇಕು. ವರ್ಷಕ್ಕೊಮ್ಮೆ, ಜಾತ್ರೆಗೋ ನೇಮಕ್ಕೋ ಮುಂಚೆ, ಪುಸ್ತಕ ತೆರೆದು ಎಲ್ಲವೂ ಸ್ವಸ್ಥಾನದಲ್ಲಿವೆಯೆ ಎಂದು ನೋಡಬೇಕು.

ಈ ಕೆಲಸದಲ್ಲಿ ವಿದ್ಯಾರ್ಥಿಗಳಿಗೆ ದೊಡ್ಡ ಪಾಲಿದೆ. ಹಿರಿಯರಿಗೆ ಕಥೆ ಗೊತ್ತು, ಬರೆಯಲು ಬಿಡುವಿಲ್ಲ. ಕಿರಿಯರಿಗೆ ಬರೆಯಲು ಬರುತ್ತದೆ, ಕಥೆ ಗೊತ್ತಿಲ್ಲ. ಇಬ್ಬರೂ ಒಂದು ರಜೆಯಲ್ಲಿ ಜತೆಗೂಡಿದರೆ ಒಂದು ಊರಿನ ಪುಸ್ತಕ ಸಿದ್ಧವಾದೀತು. ಗುಡಿ, ಬಸದಿ, ಮಸೀದಿ, ಇಗರ್ಜಿ ಎಂಬ ಭೇದ ಇದಕ್ಕೆ ಬೇಕಾಗಿಲ್ಲ. ಹಳೆಯದೂ ಪವಿತ್ರವೂ ಆದ ವಸ್ತು ಎಲ್ಲಿದ್ದರೂ ಅದಕ್ಕೆ ಗುರುತು ಬೇಕು. ವೇಣೂರಿನ ಗೊಮ್ಮಟನು ತನ್ನ ಎತ್ತರದಿಂದಲೇ ತನ್ನನ್ನು ಕಾಯ್ದುಕೊಂಡಿದ್ದಾನೆ. ಅಂಗೈಯಗಲದ ಮೂರ್ತಿಗಳಿಗೆ ಆ ಬಲವಿಲ್ಲ. ಅವುಗಳಿಗೆ ಇರುವ ಬಲವೆಂದರೆ ಅವುಗಳನ್ನು ಚೆನ್ನಾಗಿ ನೋಡಿ, ನೋಡಿದುದನ್ನು ಬರೆದಿಟ್ಟ ಊರಿನ ಜನ. ಎಂದಾದರೊಂದು ದಿನ ಯಾವುದೋ ದೂರದ ನಗರದಲ್ಲಿ ಹೆಸರಿಲ್ಲದ ಮೂರ್ತಿಯೊಂದನ್ನು ಮೇಜಿನ ಮೇಲಿಟ್ಟು ‘ಇದು ಯಾರದು?’ ಎಂದು ಕೇಳಿದಾಗ, ಪದವಿನ ಕೆಳಗಿನ ಹಳ್ಳಿಯೊಂದು ತನ್ನ ಪುಸ್ತಕದ ಪುಟ ತೆರೆದು ‘ನಮ್ಮದು’ ಎನ್ನುವಂತಾಗಬೇಕು.